ಏಳನೆಯ ಜೇಬು

ಆ ಮನೆಯಲ್ಲಿ ಎಲ್ಲಕ್ಕೂ ಒಂದು ಜೇಬಿತ್ತು. ಬಾಗಿಲ ಹಿಂದೆ ಬೀಗದ ಕೈಗಳಿಗೆ ಜೇಬು, ಅಡುಗೆಮನೆ ಗೋಡೆಯ ಮೇಲೆ ಚಮಚಗಳಿಗೆ ಜೇಬು, ಮಂಚದ ತಲೆದಿಸೆಯಲ್ಲಿ ಯಜಮಾನರ ಕನ್ನಡಕಕ್ಕೆ ಅಸ್ತರು ಕೊಟ್ಟು ಹೊಲಿದ ಮೆತ್ತನೆಯ ಜೇಬು. ಮನೆಯಾಕೆಯನ್ನು ಬೀದಿಯವರೆಲ್ಲ ಟೈಲರಮ್ಮ ಎಂದೇ ಕರೆಯುತ್ತಿದ್ದರು. ಮೂವತ್ತೆರಡು ವರ್ಷ ಹೊಲಿಗೆ ಯಂತ್ರ ತುಳಿದ ಕಾಲು. ಚೂರು ಬಟ್ಟೆ ಎಸೆಯಬೇಕೆಂದರೆ ಕರುಳು ಕಿತ್ತು ಬರುವ ಜೀವ. ಗಂಡ ಗಡಿಯಾರ ರಿಪೇರಿ ಮಾಡುವವರು. ಒಂದೇ ಅಂಗಡಿಯಲ್ಲಿ ಎಡಗಡೆ ಅವಳ ಯಂತ್ರ, ಬಲಗಡೆ ಅವರ ಗಾಜಿನ ಮೇಜು. "ನಮ್ಮನೇಲಿ ಸದ್ದು ಅವಳದು, ಸಮಯ ನನ್ನದು" ಎಂದು ಅವರು ಗಿರಾಕಿಗಳ ಮುಂದೆ ಹೇಳುತ್ತಿದ್ದರು.

ಅವರಿಗೆ ಸಕ್ಕರೆ ಕಾಯಿಲೆ ಹಿಡಿದು ಒಂಬತ್ತು ವರ್ಷ. ಅದರ ಬೆನ್ನಿಗೆ ರಕ್ತದೊತ್ತಡ, ಅದರ ಬೆನ್ನಿಗೆ ಇನ್ನೊಂದು. ಬೀದಿ ತುದಿಯ ಡಾಕ್ಟರು ಬರೆದ ಮಾತ್ರೆಗಳು ಒಂದೊಂದಾಗಿ ಸೇರಿ ಆರಾದಾಗ ಟೈಲರಮ್ಮ ಹಳೆಯ ಪರದೆಯ ಗಟ್ಟಿ ಬಟ್ಟೆ ತೆಗೆದು, ಅಂಚು ಮಡಚಿ, ಆರು ಜೇಬು ಹೊಲಿದು ಗೋಡೆಗೆ ನೇತುಹಾಕಿದಳು. ಬೆಳಗಿನ ಜೇಬಿಗೆ ಹಳದಿ ದಾರದ ಸೂರ್ಯ, ರಾತ್ರಿಯ ಜೇಬಿಗೆ ಬಿಳಿ ದಾರದ ಚಂದ್ರ. ಊಟಕ್ಕೆ ಮುಂಚಿನದಾದರೆ ಖಾಲಿ ತಟ್ಟೆ, ಆಮೇಲಿನದಾದರೆ ತುಂಬಿದ ತಟ್ಟೆ. ಮಾತ್ರೆಯ ಶೀಟನ್ನು ಕತ್ತರಿಯಲ್ಲಿ ಒಂದೊಂದೇ ಚೌಕವಾಗಿ ಕತ್ತರಿಸಿ ಜೇಬಿಗೆ ತುಂಬುತ್ತಿದ್ದಳು. ಹೆಸರು ಅಚ್ಚಾದ ತುದಿಯ ಚೂರನ್ನು ಎಸೆಯಲು ಮನಸ್ಸು ಬಾರದೆ ಆಯಾ ಜೇಬಿಗೇ ಪಿನ್ನು ಚುಚ್ಚಿಡುತ್ತಿದ್ದಳು. ಅದರ ಇಂಗ್ಲಿಷ್ ಅಕ್ಷರ ಅವಳಿಗೆ ಓದಲು ಬರದು. ಇರಲಿ, ಬೇಕಾದೀತು ಅಷ್ಟೇ. ಬೆಳಿಗ್ಗೆ ಏಳೂವರೆ ಹೊಡೆದರೆ ಗಂಡ ಅಂಗೈ ಚಾಚುತ್ತಿದ್ದರು, ಹೆಂಡತಿ ಮಾತ್ರೆ ಇಡುತ್ತಿದ್ದಳು. ಒಂಬತ್ತು ವರ್ಷದಲ್ಲಿ ಒಂದು ಹೊತ್ತು ತಪ್ಪಿದ್ದಿಲ್ಲ.

ಅಂಥವರಿಗೆ ಹೋದ ವಾರ ಕೆಮ್ಮು ಎದೆಗಿಳಿದು ದೊಡ್ಡ ಆಸ್ಪತ್ರೆ ಸೇರಬೇಕಾಯಿತು. ಐದು ದಿನಕ್ಕೆ ಎದೆ ತಿಳಿಯಾಯಿತು. ಮನೆಗೆ ಕಳಿಸುವ ದಿನ ವಾರ್ಡಿನಲ್ಲಿ ಬಸ್ ನಿಲ್ದಾಣದ ನೂಕುನುಗ್ಗಲು. ದಪ್ಪ ಕನ್ನಡಕದ ನಡುವಯಸ್ಸಿನ ನರ್ಸ್ ಒಬ್ಬರು ಓಡಿಬಂದು, "ಇಲ್ಲೊಂದು ಸೈನ್ ಮಾಡಿ, ಇಲ್ಲೊಂದು, ಇಲ್ಲೊಂದು" ಎಂದು ಬೆರಳಿಟ್ಟು ತೋರಿಸಿದರು. ಟೈಲರಮ್ಮ ಮೂರು ಕಡೆ ಸೈನ್ ಮಾಡಿದಳು. ಆಮೇಲೆ ಔಷಧದ ಕೌಂಟರಿನ ಸಾಲಿನಲ್ಲಿ ನಿಂತಳು. ಕಿಂಡಿಯಿಂದ ಹೊಸದೊಂದು ಮಾತ್ರೆ ಬಂತು, ಗುಲಾಬಿ ಬಣ್ಣದ್ದು. "ಬೆಳಿಗ್ಗೆ ಒಂದು, ತಿಂಡಿಗೆ ಮುಂಚೆ" ಅಂದಿತು ಕಿಂಡಿ. ಅವಳು ವಾರ್ಡಿಗೆ ಮರಳಿ, "ಸಿಸ್ಟರ್, ಮನೇಲಿರೋ ಹಳೇ ಮಾತ್ರೆಗಳು?" ಎಂದು ಕೇಳಿದಳು. ಇನ್ನೊಂದು ಮಂಚದ ಕಡೆ ಓಡುತ್ತಿದ್ದ ನರ್ಸ್ ತಿರುಗದೆಯೇ, "ಮೊದಲಿನ ಥರಾನೇ ಕಂಟಿನ್ಯೂ ಮಾಡಿ ಅಮ್ಮಾ" ಅಂದರು. ಕಾಗದದಲ್ಲಿ ಅಚ್ಚಾಗಿದ್ದುದೂ ಅದೇ ಸಾಲು: ಉಳಿದ ಔಷಧಗಳನ್ನು ಮೊದಲಿನಂತೆ ಮುಂದುವರಿಸುವುದು.

ಮನೆಗೆ ಬಂದವಳೇ ಟೈಲರಮ್ಮ ಏಳನೆಯ ಜೇಬು ಹೊಲಿದಳು. ಸೂರ್ಯ, ಖಾಲಿ ತಟ್ಟೆ. ಗುಲಾಬಿ ಮಾತ್ರೆಗೆ ಹೊಂದಲೆಂದು ಗುಲಾಬಿ ಬಟ್ಟೆಯದೇ.

ನಾಲ್ಕನೆಯ ಬೆಳಿಗ್ಗೆ ಅಂಗಡಿಯಲ್ಲಿ ಗಂಡನ ಕೈಯಿಂದ ಚಿಮಟ ಜಾರಿತು. ನಲವತ್ತು ವರ್ಷ ಕೂದಲೆಳೆಯಂಥ ಮುಳ್ಳುಗಳನ್ನು ಎತ್ತಿಟ್ಟ ಕೈ, ಗಡಗಡ ನಡುಗುತ್ತಿತ್ತು. ಹಣೆಯಿಂದ ಬೆವರು ನೀರಿನಂತೆ. "ಬಸ್ಸು ಹೋಯ್ತಾ?" ಎಂದು ಏನೇನೋ ಕೇಳಿದರು. ಪಕ್ಕದ ಟೀ ಅಂಗಡಿಯವನು ಗಾಬರಿಯಲ್ಲಿ ಒಂದು ಲೋಟ ಟೀ ತಂದು, "ಸಕ್ಕರೆ ಜಾಸ್ತಿ ಹಾಕಿದೀನಿ, ಕುಡಿಸಮ್ಮ, ಜೀವ ಬರುತ್ತೆ" ಅಂದ. ಟೈಲರಮ್ಮ ಆ ಲೋಟವನ್ನು ತಳ್ಳಿದಳು. "ಅಯ್ಯೋ ಸಕ್ಕರೆ ಕಾಯಿಲೆಯವರು ಕಣಪ್ಪ, ಕೊಲ್ತೀಯಾ?" ಟೀ ನೆಲಕ್ಕೆ ಚೆಲ್ಲಿತು. ಅರ್ಧ ಗಂಟೆಯ ಮೇಲೆ ಆಂಬುಲೆನ್ಸ್ ಬರುವಾಗ ಯಜಮಾನರಿಗೆ ಮಾತೇ ಇರಲಿಲ್ಲ.

ಅದೇ ದೊಡ್ಡ ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಸಕ್ಕರೆ ನೀರು ಹರಿಸಿದರು. ಸಂಜೆಯ ಹೊತ್ತಿಗೆ ಕಣ್ಣು ಬಿಟ್ಟು, "ಗಂಟೆ ಎಷ್ಟು?" ಅಂದರು. ಅವರು ಗಂಟೆ ಕೇಳಿದರೆಂದರೆ ಮತ್ತೆ ಮೊದಲಿನ ಅವರಾದರು ಎಂದು ಅರ್ಥ. ಟೈಲರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಮರುದಿನ ಬೆಳಿಗ್ಗೆ ನಾದಿನಿ ಬಂದಳು. ಗಂಡನ ಒಬ್ಬಳೇ ತಂಗಿ. ಕಚೇರಿಯೊಂದರಲ್ಲಿ ಫೈಲು ನೋಡಿಕೊಳ್ಳುವವಳು. ಬಾಯಿಮಾತನ್ನು ಅರ್ಧ ನಂಬುತ್ತಿದ್ದಳು, ಕಾಗದವನ್ನು ಪೂರ್ತಿ. ಮಂಚದ ಕಾಲಿಗೆ ತೂಗುಹಾಕಿದ್ದ ಹಲಗೆಯ ಮೇಲಿನ ಹಾಳೆ ಎತ್ತಿ, ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದಳು.

"ಮನೆಯವರು ಸೂಚನೆ ಪಾಲಿಸದೆ ಮಾತ್ರೆ ಹೆಚ್ಚಾಗಿ ಕೊಟ್ಟಿದ್ದರಿಂದ ಸಕ್ಕರೆ ಅಂಶ ಅಪಾಯಕಾರಿಯಾಗಿ ಕುಸಿದಿದೆ. ನೋಡಿದ್ರಾ ಅತ್ತಿಗೆ? ನಾನು ಹೇಳ್ತಿರೋದಲ್ಲ, ಡಾಕ್ಟರು ಬರೆದಿರೋದು."

"ಯಾವ ಹೆಚ್ಚು? ಒಂದು ಮಾತ್ರೆ ಹೆಚ್ಚು ಕೊಟ್ಟಿದ್ರೆ ನನ್ನ ಕೈ ಸೇದಿಹೋಗ್ಲಿ!"

"ಕೈ ಸೇದೋದು ಆಮೇಲಿರಲಿ. ಹೋಗ್ತಿದ್ದುದು ನಮ್ಮಣ್ಣನ ಜೀವ. ನಿಮಗೆ ಬಟ್ಟೆ ಕತ್ತರಿಸೋದು ಗೊತ್ತು, ಮಾತ್ರೆ ಶೀಟೂ ಅದೇ ಥರ ಕಚಕಚ ಕತ್ತರಿಸಿ ಇಟ್ಟಿದೀರಿ." ನಾದಿನಿಯ ದನಿ ತಗ್ಗಿತು, ತಗ್ಗಿದ್ದೇ ಹೆಚ್ಚು ಚುಚ್ಚಿತು. "ನಾಳೆ ಬಿಡ್ತಾರಂತೆ. ಅಣ್ಣ ನಮ್ಮನೆಗೆ ಬರ್ಲಿ. ನಾನೇ ನೋಡ್ಕೋತೀನಿ. ಮೇಲಿನ ಕೋಣೆ ತೊಳೆಸಿದೀನಿ. ನೀವು ಬೇಕಾದ್ರೆ ಭಾನುವಾರ ಭಾನುವಾರ ಬಂದು ನೋಡ್ಕೊಂಡು ಹೋಗಿ."

ಭಾನುವಾರ ಭಾನುವಾರ! ಮೂವತ್ತೆರಡು ವರ್ಷ ಎಡಗಡೆ ಯಂತ್ರ, ಬಲಗಡೆ ಮೇಜು. ಈಗ ಒಂದು ಸಾಲು ಬರಹಕ್ಕೆ ಗಂಡ ಮೇಲಿನ ಕೋಣೆಗೆ, ಹೆಂಡತಿ ಬಂದುಹೋಗುವ ನೆಂಟಳು. ತಪ್ಪು ಮಾಡಿ ಬೈಸಿಕೊಳ್ಳುವುದು ಬೇರೆ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿ ಬೈಸಿಕೊಳ್ಳುವುದೆಂದರೆ?

ಟೈಲರಮ್ಮ ಚೀಲದಿಂದ ಜೇಬಿನ ಬಟ್ಟೆ ತೆಗೆದಳು. ಮನೆಯಲ್ಲಿರುವ ಔಷಧವನ್ನೆಲ್ಲ ತನ್ನಿ ಎಂದು ಆಸ್ಪತ್ರೆಯವರು ಹೇಳಿದ್ದರಲ್ಲ, ಗೋಡೆಯಿಂದ ಬಿಚ್ಚಿ ಹಾಗೇ ಮಡಚಿ ತಂದಿದ್ದಳು. ಗಂಡನ ಹೊದಿಕೆಯ ಮೇಲೆ ಅದನ್ನು ಹರಡಿದಳು.

"ಎಣಿಸಮ್ಮ. ನೀನೇ ಎಣಿಸು. ಮನೆಗೆ ಬಂದ ದಿನ ಜೇಬಿಗೆ ಹತ್ತತ್ತು ತುಂಬಿದ್ದೆ, ನಾಲ್ಕು ದಿನಕ್ಕೆ ಪ್ರತಿ ಜೇಬಿಂದ ನಾಲ್ಕು ಹೋಗಿರಬೇಕು. ಐದು ಹೋಗಿದ್ರೆ ನಾನೇ ನಿಮ್ಮಣ್ಣನ ಗಂಟು ಕಟ್ಟಿ ನಿಮ್ಮನೆ ಬಾಗಿಲಿಗೆ ತಂದು ಬಿಡ್ತೀನಿ."

ನಾದಿನಿ ನಿಜಕ್ಕೂ ಎಣಿಸಿದಳು. ಏಳೂ ಜೇಬು ಸರಿಯಾಗಿತ್ತು. ಅವಳು ಎರಡನೆಯ ಸಲ ಎಣಿಸತೊಡಗಿದಳು.

ಮಂಚದ ಮೇಲಿದ್ದ ಗಡಿಯಾರದವರು ಕೈ ಚಾಚಿದರು. "ಇವಳೇ, ನನ್ನ ಕಣ್ಣು ತಂದಿದೀಯಾ?"

ಕಣ್ಣೆಂದರೆ ಗಡಿಯಾರದ ಒಳಗು ನೋಡಲು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಭೂತಗನ್ನಡಿ. ಅದಿಲ್ಲದೆ ಅವರು ಮಗ್ಗುಲು ಬದಲಿಸುವವರಲ್ಲ ಎಂದು ಅವಳಿಗೆ ಗೊತ್ತು. ರವಿಕೆಯೊಳಗಿನ ಜೇಬಿನಿಂದ ತೆಗೆದುಕೊಟ್ಟಳು. ಅವರು ಪಿನ್ನು ಚುಚ್ಚಿದ ಚೂರುಗಳನ್ನು ಒಂದೊಂದಾಗಿ ಕಣ್ಣಿಗೆ ಹಿಡಿದರು. ಎರಡನೆಯ ಜೇಬಿನದು, ಏಳನೆಯ ಜೇಬಿನದು. ಮತ್ತೆ ಎರಡನೆಯದು. ಮತ್ತೆ ಏಳನೆಯದು.

"ಮೇಲೆ ದಪ್ಪಕ್ಷರದಲ್ಲಿ ಇರೋದು ಕಂಪನಿ ಇಟ್ಟ ಹೆಸರು. ಅದು ಬೇರೆ ಬೇರೆ" ಅಂದರು ನಿಧಾನವಾಗಿ. "ಕೆಳಗೆ ಇರುವೆ ಕಾಲಿನಷ್ಟು ಸಣ್ಣಕ್ಷರದಲ್ಲಿ ಇನ್ನೊಂದು ಹೆಸರಿದೆ. ಅದು ಎರಡರಲ್ಲೂ ಒಂದೇ. ಗೊತ್ತಾಯ್ತಾ? ಎರಡು ಗಡಿಯಾರ, ಒಳಗಿನ ಮಿಷನ್ ಒಂದೇ. ಡಯಲ್ ಮಾತ್ರ ಬೇರೆ."

ಟೈಲರಮ್ಮನಿಗೆ ಗೊತ್ತಾಯಿತು. ಎರಡನೆಯ ಜೇಬಿನ ಹಳದಿಯದೂ ಸಕ್ಕರೆ ಇಳಿಸುವ ಮಾತ್ರೆ. ಗುಲಾಬಿಯದೂ ಅದೇ. ನಾಲ್ಕು ದಿನ, ದಿನವೂ ಏಳೂವರೆಗೆ, ಗಡಿಯಾರ ನೋಡಿ, ತನ್ನ ಕೈಯಾರೆ!

ಹತ್ತು ಗಂಟೆಗೆ ದೊಡ್ಡ ಡಾಕ್ಟರ ಸವಾರಿ ಬಂತು. ಹಿಂದೆ ಕಡತ ಹಿಡಿದ ಅದೇ ದಪ್ಪ ಕನ್ನಡಕದ ನರ್ಸ್. ಡಾಕ್ಟರು ಹಾಳೆ ನೋಡಿ, "ಹ್ಞಾ, ಗಡಿಯಾರದವರಾ? ಇನ್ಮೇಲೆ ಮಾತ್ರೆ ಹೇಳಿದ ಹಾಗೆ ತಗೋಬೇಕು, ಆಯ್ತಾ? ಮನಸ್ಸಿಗೆ ಬಂದ ಹಾಗೆ ಅಲ್ಲ" ಎಂದು ಮುಂದಿನ ಮಂಚದತ್ತ ಕಾಲಿಟ್ಟರು.

"ನಿಲ್ಲಿ ಸಾರ್."

ಮುಂದಿನ ಮಂಚದವರೂ ತಲೆಯೆತ್ತಿ ನೋಡುವಷ್ಟು ಗಟ್ಟಿಯಾಗಿ ಬಂತು ಮಾತು. ಯಂತ್ರದ ಸದ್ದಿನ ಮೇಲೆ ಗಿರಾಕಿಯನ್ನು ಕೂಗಿ ಪಳಗಿದ ಗಂಟಲು ಅದು.

"ಹೇಳಿದ ಹಾಗೇ ತಗೊಂಡಿದ್ದಕ್ಕೇ ಇವರು ಬಿದ್ದಿದ್ದು. ಎರಡೂ ಒಂದೇ ಮಾತ್ರೆ ಅಂತ ಯಾರಾದ್ರೂ ಹೇಳಿದ್ರಾ? ಹಳೇದೇನು ಮಾಡ್ಲಿ ಅಂತ ಕೇಳ್ದೆ. ಮುಂದುವರಿಸಿ ಅಂದ್ರಿ. ಕಾಗದದಲ್ಲೂ ಅದೇ ಇದೆ. ನಾನು ಮುಂದುವರಿಸ್ದೆ. ಈಗ ಸೂಚನೆ ಪಾಲಿಸಿಲ್ಲ ಅಂತ ಬರೀತೀರಲ್ಲ, ಯಾವ ಸೂಚನೆ ಸಾರ್ ಅದು? ಅದನ್ನ ಎಲ್ಲಿ ಬಚ್ಚಿಟ್ಟಿದ್ರಿ?"

ಡಾಕ್ಟರು ಕೆಟ್ಟವರಲ್ಲ, ಅವಸರದವರು. ನರ್ಸಿನ ಕಡೆ ಕೈ ನೀಡಿದರು. ನರ್ಸ್ ಹೋದ ಸಲದ ಕಡತದಿಂದ ಒಂದು ಹಾಳೆ ತೆಗೆದುಕೊಟ್ಟರು.

"ನೋಡಿ ಅಮ್ಮಾ. ಔಷಧಗಳ ಬಗ್ಗೆ ಇಪ್ಪತ್ತು ನಿಮಿಷ ವಿವರವಾಗಿ ತಿಳಿಸಿಕೊಡಲಾಗಿದೆ, ನನಗೆ ಅರ್ಥವಾಗಿದೆ. ಕೆಳಗೆ ನಿಮ್ಮ ಸೈನ್."

ನಾದಿನಿ ಕತ್ತು ಚಾಚಿ ನೋಡಿದಳು. ಸೈನ್ ಅತ್ತಿಗೆಯದೇ. ಅವಳ ಮುಖ ಮತ್ತೆ ಬಿಗಿಯಿತು.

ಟೈಲರಮ್ಮ ಹಾಳೆಯ ಮೇಲೆ ಬಾಗಿ ನೋಡಿದಳು. ಸೈನ್ ನಿಜ. ತಾನೇ ಮಾಡಿದ್ದು. ಆಗ ಮಂಚದಿಂದ, "ಅದರಲ್ಲಿ ಗಂಟೆ ಎಷ್ಟು ಅಂತ ಇದೆ ನೋಡೇ" ಎಂಬ ಗಂಡನ ಮಾತು ಬಂತು.

"ಹತ್ತೂಕಾಲು" ಅಂದಳು ನಾದಿನಿ, ಅತ್ತಿಗೆಗಿಂತ ಮೊದಲೇ ಓದಿ.

ಟೈಲರಮ್ಮ ಏಳನೆಯ ಜೇಬಿಗೆ ಕೈಹಾಕಿದಳು. ಔಷಧದ ಕೌಂಟರಿನ ಚೀಟಿಯನ್ನೂ ಅವಳು ಎಸೆದಿರಲಿಲ್ಲ. ಅದನ್ನು ನಾದಿನಿಯ ಕೈಗೇ ಕೊಟ್ಟಳು. "ಕಾಗದ ಓದೋದ್ರಲ್ಲಿ ನೀನೇ ಗಟ್ಟಿಗಿತ್ತಿ. ಇದನ್ನೂ ಓದಮ್ಮ. ಗಟ್ಟಿಯಾಗಿ."

"ಹನ್ನೊಂದು ನಲವತ್ತು" ಅಂದಳು ನಾದಿನಿ. ಓದಿದವಳು ಚೀಟಿಯನ್ನೊಮ್ಮೆ, ಹಾಳೆಯನ್ನೊಮ್ಮೆ ನೋಡಿದಳು. ಫೈಲು ನೋಡಿ ಹಣ್ಣಾದವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. "ಅಲ್ಲ ಡಾಕ್ಟ್ರೇ, ಮಾತ್ರೆ ಇವರ ಕೈಗೆ ಬಂದಿದ್ದೇ ಹನ್ನೊಂದು ನಲವತ್ತಕ್ಕೆ. ಹತ್ತೂಕಾಲಿಗೆ ಏನನ್ನ ತೋರಿಸಿ ವಿವರಿಸಿದ್ರಿ?"

ಡಾಕ್ಟರು ನರ್ಸಿನತ್ತ ತಿರುಗಿದರು. ನರ್ಸ್ ಕನ್ನಡಕ ತೆಗೆದು ಒರೆಸಿದರು. ಸುಮ್ಮನಿದ್ದಿದ್ದರೆ ಅವರಿಗೆ ಏನೂ ಆಗುತ್ತಿರಲಿಲ್ಲ, ಸೈನ್ ಇತ್ತಲ್ಲ.

"ನಾನು ಹೇಳಿಕೊಟ್ಟಿಲ್ಲ ಸಾರ್" ಅಂದರು. "ಹದಿನಾಲ್ಕು ಜನ ಅವತ್ತು. ಹನ್ನೊಂದರೊಳಗೆ ಮಂಚ ಖಾಲಿ ಮಾಡಿಸು ಅಂತ ಮೇಲಿಂದ ಫೋನ್ ಮೇಲೆ ಫೋನ್. ಹದಿನಾಲ್ಕು ಸಲ ಇಪ್ಪತ್ತು ನಿಮಿಷ ಎಲ್ಲಿಂದ ತರ್ಲಿ? ಹಾಳೆಗಳನ್ನ ಬೆಳಿಗ್ಗೆನೇ ತುಂಬಿಸಿಟ್ಟಿರ್ತೀವಿ. ಎಲ್ಲರೂ ಹಾಗೇ ಮಾಡ್ತೀವಿ. ಈ ಅಮ್ಮ ಬಂದು ಕೇಳಿದ್ದೂ ನಿಜ. ನಾನು ಅವರ ಮುಖ ಕೂಡ ನೋಡ್ಲಿಲ್ಲ."



ಟೈಲರಮ್ಮನಿಗೆ ನರ್ಸಿನ ಮೇಲೆ ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಹಬ್ಬದ ಹಿಂದಿನ ದಿನ ಹದಿನಾಲ್ಕು ಅಂಗಿ ಒಂದೇ ಕೈಗೆ ಬಿದ್ದರೆ ಏನಾಗುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಾರು? ಸಿಟ್ಟು ನರ್ಸನ್ನು ದಾಟಿ, ಆ ಫೋನಿನ ತಂತಿ ಹಿಡಿದು ಮೇಲಕ್ಕೆ ಹೋಯಿತು.

"ಸಾರ್, ನಾನು ಓದಿದವಳಲ್ಲ. ನನ್ನ ಕಸುಬಿನ ಮಾತು ಹೇಳ್ತೀನಿ. ಅಳತೆ ತಗೊಳ್ದೆ ಬಟ್ಟೆ ಕತ್ತರಿಸಿ, ಅಂಗಿ ಬಿಗಿ ಹಿಡಿಯುತ್ತೆ ಅಂದ್ರೆ ನಾನು ಗಿರಾಕಿ ಮೈ ಸರಿಯಿಲ್ಲ ಅಂತ ಬರೆದುಕೊಡೋದಿಲ್ಲ. ಹಾಗೆ ಬರೆದಿದ್ರೆ ಬೀದಿಯವರು ನನ್ನ ಕತ್ತರಿ ಕಿತ್ತು ಚರಂಡಿಗೆ ಎಸೀತಿದ್ರು. ನಿಮ್ಮ ತಪ್ಪಿಗೆ ನನಗೆ ಬರೆ ಹಾಕಿದ್ರಿ. ಆ ಬರೆ ನೋಡಿ ನಮ್ಮೋರು ನನ್ನ ಗಂಡನ್ನ ನನ್ನಿಂದ ಕಿತ್ಕೊಂಡು ಹೋಗೋಕೆ ನಿಂತಿದಾರೆ."

ನಾದಿನಿ ಕಿಟಕಿಯ ಕಡೆ ನೋಡಿದಳು.

"ಆಯ್ತಮ್ಮ, ಅದನ್ನ ತೆಗೆಸ್ತೀನಿ" ಅಂದರು ಡಾಕ್ಟರು.

"ತೆಗೆಸಬೇಡಿ. ಒಂದು ಗೀಟೆಳೆದು, ಪಕ್ಕದಲ್ಲಿ ನಿಜ ಬರೀರಿ. ಮುಂದೆ ನೋಡೋರಿಗೆ ಎರಡೂ ಕಾಣ್ಲಿ."

ಡಾಕ್ಟರು ಪೆನ್ನು ತೆಗೆದರು. ಹಳೆಯ ಮಾತ್ರೆ ನಿಲ್ಲಿಸಬೇಕೆಂದು ಮನೆಯವರಿಗೆ ತಿಳಿಸಿರಲಿಲ್ಲ, ಕೊಟ್ಟ ಸೂಚನೆಯಂತೆಯೇ ಮನೆಯವರು ನಡೆದಿದ್ದಾರೆ ಎಂದು ಬರೆದು ಸೈನ್ ಮಾಡಿದರು. ನಾದಿನಿ ಅದನ್ನು ಎರಡು ಸಲ ಓದಿದಳು. ಬರೆದು ಮುಗಿಸಿದ ಡಾಕ್ಟರ ಕಣ್ಣು ಹೊದಿಕೆಯ ಮೇಲಿನ ಬಟ್ಟೆಗೆ ಬಿತ್ತು. ಸೂರ್ಯ, ಚಂದ್ರ, ತಟ್ಟೆಗಳ ಮೇಲೆ ಬೆರಳಾಡಿಸಿದರು.

"ಎಷ್ಟು ಚೆನ್ನಾಗಿದೆ ಇದು! ಇಂಥದ್ದೊಂದನ್ನ ನಮ್ಮ ವಾರ್ಡಿನ ಗೋಡೆಗೆ ಹಾಕಿದ್ರೆ ನೋಡೋರು ಮೆಚ್ಕೋತಾರೆ."

"ಗೋಡೆಗೆ ಏನು ಕಾಯಿಲೆ ಸಾರ್?" ಅಂದಳು ಟೈಲರಮ್ಮ. "ಗೋಡೆ ಮಾತ್ರೆ ನುಂಗಲ್ಲ. ಒಂದು ಕುರ್ಚಿ ಹಾಕಿ, ಈ ಸಿಸ್ಟರ್‌ಗೆ ಕೂತ್ಕೊಳ್ಳೋಕೆ ಪುರುಸೊತ್ತು ಕೊಡಿ. ಅದು ಸಾಕು."

ಗಡಿಯಾರದವರು ಹೊದಿಕೆಯೊಳಗೇ ನಕ್ಕರು. ಡಾಕ್ಟರೂ ಅರ್ಧ ನಕ್ಕು ಮುಂದೆ ಹೋದರು. ಕುರ್ಚಿಯ ವಿಷಯಕ್ಕೆ ಹ್ಞೂ ಎನ್ನಲಿಲ್ಲ, ಊಹೂ ಎನ್ನಲಿಲ್ಲ.

ಮಧ್ಯಾಹ್ನ ತನ್ನ ಊಟದ ಹೊತ್ತಿನಲ್ಲಿ ನರ್ಸ್ ಬಂದು ಮಂಚದ ಅಂಚಿನಲ್ಲಿ ಕೂತರು. ಏಳೂ ಜೇಬು ಬರಿದುಮಾಡಿ, ಯಾವುದು ಯಾವುದಕ್ಕೆ ಎಂದು ಒಂದೊಂದನ್ನೂ ಕೈಗಿಟ್ಟು ಹೇಳಿದರು. ಸಕ್ಕರೆಯ ಮಾತ್ರೆ ಇನ್ನು ಗುಲಾಬಿಯದೊಂದೇ, ಹಳದಿಯದು ಬೇಡ. ಬೀದಿ ತುದಿಯ ಡಾಕ್ಟರಿಗೂ ಈ ಕಾಗದ ತೋರಿಸಬೇಕು. ಶೀಟು ಕತ್ತರಿಸದಿದ್ದರೇ ಒಳ್ಳೆಯದು. ಹೆಸರು, ಮುಗಿಯುವ ತಾರೀಖು ಕೊನೆಯವರೆಗೂ ಜೊತೆಗಿರಬೇಕು. "ಜೇಬನ್ನೇ ಸ್ವಲ್ಪ ಉದ್ದ ಹೊಲೀರಿ, ಶೀಟು ಹಾಗೇ ಹಿಡಿಯುತ್ತೆ."

"ಅದು ಮಾತು" ಅಂದಳು ಟೈಲರಮ್ಮ. "ಕತ್ತರಿ ತಪ್ಪು ಅಂದ್ರೆ ಒಪ್ಕೋತೀನಿ. ಸುಳ್ಳು ಹೇಳಿದ್ರೆ ಒಪ್ಪಲ್ಲ."

"ಇನ್ನೊಂದು. ಕೈ ನಡುಕ, ಬೆವರು, ಮಾತು ಅಡ್ಡಾದಿಡ್ಡಿ ಆದ್ರೆ ಸಕ್ಕರೆ ಕಡಿಮೆ ಆಗಿದೆ ಅಂತ ಅರ್ಥ. ನುಂಗೋ ಹಾಗಿದ್ರೆ ತಕ್ಷಣ ಸಕ್ಕರೆ ನೀರೋ, ಸಕ್ಕರೆ ಹಾಕಿದ ಟೀನೋ ಕುಡಿಸಿ. ಎಚ್ಚರ ತಪ್ಪಿದ್ರೆ ಬಾಯಿಗೆ ಏನೂ ಹಾಕ್ಬೇಡಿ, ನೇರ ಇಲ್ಲಿಗೆ ಕರ್ಕೊಂಡು ಬನ್ನಿ."

ಟೈಲರಮ್ಮ ಬಿಳಿಚಿಕೊಂಡಳು. ಟೀ. ಸಕ್ಕರೆ ಜಾಸ್ತಿ ಹಾಕಿದ ಟೀ. ತಾನೇ ತಳ್ಳಿದ, ನೆಲಕ್ಕೆ ಚೆಲ್ಲಿದ ಟೀ.

"ಇದನ್ನ ಒಂಬತ್ತು ವರ್ಷದಲ್ಲಿ ಯಾರೂ ಹೇಳ್ಲಿಲ್ಲ" ಅಂದಳು, ದನಿ ಒಡೆದು. "ಸಕ್ಕರೆ ವಿಷ, ಸಕ್ಕರೆ ವಿಷ ಅಂತ ಎಲ್ಲಾ ಗೋಡೆ ಮೇಲೂ ಬರೆದಿದೀರಿ. ಜೀವ ಹೋಗೋವಾಗ ಅದೇ ಮದ್ದು ಅಂತ ಒಂದು ಮೂಲೇಲಾದ್ರೂ ಬರೀಬಾರದಿತ್ತಾ? ಟೀ ಅಂಗಡಿಯವನಿಗೆ ಗೊತ್ತಿತ್ತಲ್ಲ ಸಿಸ್ಟರ್, ನಿಮಗೆ ಗೊತ್ತಿರಲಿಲ್ವಾ?"

ನರ್ಸ್ ಅವಳ ಕೈ ಹಿಡಿದುಕೊಂಡು, "ಈಗ ನಾನು ಹೇಳಿದ್ದನ್ನೆಲ್ಲ ನೀವು ನನಗೆ ಹೇಳಿಕೊಡಿ. ನಾನೇ ಗಡಿಯಾರದವರ ಹೆಂಡತಿ, ನೀವೇ ಸಿಸ್ಟರ್" ಅಂದರು. ಟೈಲರಮ್ಮ ಕಣ್ಣೊರೆಸಿಕೊಂಡು ಹೇಳಿಕೊಟ್ಟಳು. ಎರಡು ಕಡೆ ತಪ್ಪಿದಳು. ಎರಡು ಕಡೆಯೂ ನರ್ಸ್ ತಿದ್ದಿದರು. ಗಡಿಯಾರದವರು ಸಮಯ ನೋಡಿ, "ಹದಿನೆಂಟು ನಿಮಿಷ" ಅಂದರು.

ಆಮೇಲೆ ಟೈಲರಮ್ಮ ನರ್ಸಿನ ಸಣ್ಣ ಕತ್ತರಿ ಕೇಳಿ ತೆಗೆದುಕೊಂಡು, ಎರಡನೆಯ ಜೇಬಿನ ಹೊಲಿಗೆ ಬಿಚ್ಚತೊಡಗಿದಳು. ವರ್ಷಗಳ ಹಳೆಯ ಹೊಲಿಗೆ, ದಾರ ಹಟಮಾಡಿತು. ಅಷ್ಟರಲ್ಲಿ ನಾದಿನಿ ತನ್ನ ಕೈಚೀಲ ತಡಕಾಡಿ, ಯಾರಿಗೂ ಕಾಣದಂತೆ ಎರಡು ಶೀಟು ಮಾತ್ರೆ ತೆಗೆದು ಅಣ್ಣನ ಹೊದಿಕೆಯ ಮೇಲಿಟ್ಟಳು.

"ಏನಿದು?" ಅಂದರು ಅಣ್ಣ.

"ನನ್ನ ರಕ್ತದೊತ್ತಡದ್ದು. ಒಂದು ಆಫೀಸ್ ಡಾಕ್ಟರು ಕೊಟ್ಟಿದ್ದು, ಒಂದು ಮನೆ ಹತ್ತಿರದವರು. ನಿನ್ನ ಕಣ್ಣು ಹಾಕ್ಕೊಂಡು ಸ್ವಲ್ಪ ನೋಡಣ್ಣ."

ಟೈಲರಮ್ಮ ತಲೆಯೆತ್ತಲಿಲ್ಲ. "ಮೇಲಿನ ಕೋಣೆ ತೊಳೆಸಿದೀಯಲ್ಲ, ನೀನೇ ಇರು ಅದರಲ್ಲಿ" ಅಂದಳು. "ಭಾನುವಾರ ಭಾನುವಾರ ನಾವು ಬಂದು ನೋಡ್ಕೊಂಡು ಹೋಗ್ತೀವಿ."

"ಅತ್ತಿಗೆ, ಸಾಕು" ಅಂದಳು ನಾದಿನಿ. ಆದರೆ ಎದ್ದು ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಮತ್ತೆ ಬಸ್ ನಿಲ್ದಾಣದ ನೂಕುನುಗ್ಗಲು. ಮೇಜಿನ ಮೇಲೆ ಆಗಲೇ ತುಂಬಿಟ್ಟ ಹಾಳೆಗಳ ಕಟ್ಟು, ಕುರ್ಚಿ ಬಂದಿರಲಿಲ್ಲ. ಟೈಲರಮ್ಮ ತನ್ನ ಹಾಳೆಯನ್ನು ಮೊದಲಿಂದ ಕೊನೆಯವರೆಗೆ ಓದಿ, ಹದಿನೆಂಟು ನಿಮಿಷ ಎಂದು ನರ್ಸಿನಿಂದಲೇ ತಿದ್ದಿಸಿ, ಸೈನ್ ಮಾಡಿದಳು. ಅವಳ ಹಿಂದೆ, ಮಗುವನ್ನು ಸೊಂಟಕ್ಕೇರಿಸಿಕೊಂಡಿದ್ದ ಹೆಂಗಸೊಬ್ಬಳು ಪೆನ್ನಿಗೆ ಕೈ ಚಾಚಿದಳು.

ಟೈಲರಮ್ಮ ಪೆನ್ನು ಕೊಡಲಿಲ್ಲ.

"ಮಾತ್ರೆ ಕೈಗೆ ಬಂತೇನಮ್ಮ?"

"ಇನ್ನೂ ಇಲ್ಲ. ಇವ್ರು ಮೊದಲು ಸೈನ್ ಮಾಡಿ ಅಂದ್ರು."

"ಮೊದಲು ಮಾತ್ರೆ ತಗೊಂಡು ಬಾ, ಹೋಗು. ಮಗೂನ ಇಲ್ಲಿ ಕೊಡು, ನಾನು ಎತ್ಕೊಂಡಿರ್ತೀನಿ" ಅಂದಳು ಟೈಲರಮ್ಮ, ಪೆನ್ನನ್ನು ತನ್ನ ಜೇಬಿಗೆ ಸೇರಿಸುತ್ತ.

ಹಿಂದೆ ಸಾಲು ಬೆಳೆಯುತ್ತಿತ್ತು. ಒಳಗೆಲ್ಲೋ ಫೋನು ಹೊಡೆದುಕೊಳ್ಳುತ್ತಿತ್ತು. ನರ್ಸ್ ಒಮ್ಮೆ ಫೋನಿನ ಕಡೆ, ಒಮ್ಮೆ ಟೈಲರಮ್ಮನ ಕಡೆ ನೋಡಿದರು. ಆಮೇಲೆ ಪಕ್ಕದ ಖಾಲಿ ಮಂಚದ ಅಂಚಿನಲ್ಲಿ ಕೂತು, ಸಾಲಿನಲ್ಲಿ ಮುಂದಿದ್ದವನನ್ನು ಕರೆದರು.

"ಬನ್ನಿ ಅಣ್ಣ. ಮನೇಲಿ ಹಳೇ ಮಾತ್ರೆ ಏನೇನಿದೆ, ಹೇಳಿ."